ಆರನೆಯ ಹೋಳು

“ಆ ಪುಸ್ತಕ ಇನ್ನೊಂದು ಸಲ ಈ ಮನೆಯೊಳಗೆ ಬರಕೂಡದು ಅಂದ್ರೆ ಬರಕೂಡದು. ಎಷ್ಟು ಸಲ ಬಾಯಿ ಬಡ್ಕೋಬೇಕು ನಾನು? ಕಿವಿಗೆ ಹತ್ತಿ ತುರುಕ್ಕೊಂಡು ಕೂತಿದ್ದೀರಾ ಎಲ್ರೂ?”

ರುಸೋಕೆ ಮೇಜಿಗೆ ಕುಟ್ಟಿದ ಏಟಿಗೆ ಕಾಫಿಬೀಜದ ಬಟ್ಟಲು ಮಗುಚಿಕೊಂಡು ಬೀಜಗಳೆಲ್ಲ ನೆಲದ ಮೇಲೆ ಉರುಳಿದವು. ಬಗ್ಗಿ ಹೆಕ್ಕುವ ಮನಸ್ಸು ಯಾರೂ ಮಾಡಲಿಲ್ಲ.

“ಯಾಕೆ ಬರಕೂಡದು? ಅದನ್ನ ಹೇಳಿ ಮೊದ್ಲು,” ಎಂದಳು ಅಡ್ಯೇರಿ. ಅವಳು ಹೆಣ್ಣುಮಕ್ಕಳ ಶಾಲೆಯ ಟೀಚರು. ಆರು ಜನರ ಆ ಓದುಕೂಟದಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಬಾಯಲ್ಲಿ ಮಾತ್ರ ಎಲ್ಲರಿಗಿಂತ ದೊಡ್ಡವಳು.

“ಒಂದು ಸಲ ಕೊಯ್ದ ಪುಸ್ತಕಾನ ಎರಡನೇ ಸಲ ಕೊಯ್ಯೋ ಹಾಗಿಲ್ಲ. ನಿಯಮ.”

“ಆ ನಿಯಮ ಯಾವತ್ತು ಮಾಡಿದ್ದು?”

“ಈಗ ಮಾಡ್ದೆ. ಈ ಕೂಟ ಕಟ್ಟಿದವನು ನಾನು.”

“ಕಟ್ಟಿದ್ರಿ ಸರಿ. ನಮ್ಮನ್ನ ಗೂಟಕ್ಕೇನೂ ಕಟ್ಟಿಲ್ವಲ್ಲ,” ಎಂದ ಕೀಜಾ. ಅವನು ಟೀ ಕಾರ್ಖಾನೆಯಲ್ಲಿ ಎಲೆ ತೂಗುವವನು. ಪಕ್ಕದಲ್ಲೇ ಕೂತಿದ್ದ ಅವನ ಹೆಂಡತಿ ಅವನ ಮೊಣಕಾಲು ಹಿಂಡಿದಳು. ಹಿಂಡಿದರೂ ಅವಳ ತುಟಿಯಲ್ಲಿ ನಗು ಇತ್ತು.

ಯಾವ ಪುಸ್ತಕಕ್ಕೆ ಇಷ್ಟು ರಂಪವೋ ಆ ಪುಸ್ತಕ ಬಾಗಿಲ ಹತ್ತಿರ ಕೂತಿದ್ದ ಕಬಾಜುಂಗುವಿನ ಮಡಿಲಲ್ಲಿತ್ತು. ಹೊಸ ಪ್ರತಿ. ಹಿಂದಿನ ವಾರ ಕಂಪಾಲಾಕ್ಕೆ ಹೋಗಿದ್ದಾಗ ಯಾವುದೋ ಗಲ್ಲಿಯ ಅಂಗಡಿಯಲ್ಲಿ ಸಿಕ್ಕಿತೆಂದು ತಂದಿದ್ದಳು. ಅವಳು ಹೊಲಿಗೆಯವಳು. ತೆಳ್ಳಗಿನ ಹೆಂಗಸು. ಮಾತು ಕಡಿಮೆ. ಅವಳು ಹೇಳಿದ್ದು ಒಂದೇ ಮಾತು: “ಈ ಕಥೆಯ ಕೊನೆ ಒಬ್ರನ್ನ ಬಿಟ್ಟು ಯಾರಿಗೂ ಓದೋಕೆ ಸಿಗ್ಲಿಲ್ಲ. ಮುಂದಿನ ವರ್ಷದ ನಾಲ್ಕರಲ್ಲಿ ಇದೂ ಒಂದಾಗಲಿ.” ಅಷ್ಟಕ್ಕೇ ರುಸೋಕೆ ಎದ್ದು ನಿಂತಿದ್ದ.

ಅವಳು ಈಗಲೂ ಮಾತಾಡಲಿಲ್ಲ. ಅವಳು ಒಂದು ಬೈಗುಳ ಬೈದಿದ್ದರೆ ಅವನು ತಣ್ಣಗಾಗುತ್ತಿದ್ದನೋ ಏನೋ. ಆ ಮೌನವೇ ಅವನನ್ನು ಇನ್ನಷ್ಟು ಕೆರಳಿಸಿತು.

“ತಿಂದು ತೇಗಿದ್ದು ಸಾಲ್ದು ಅಂತ ಅದನ್ನೇ ನಮಗೆ ಬಡಿಸೋಕೆ ಬಂದಿದ್ದೀಯಾ, ಕಬಾಜುಂಗು?”

ಕೋಣೆ ಕಲ್ಲಾಯಿತು. ಟೋರೊ ಸೀಮೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹೆಸರಿನ ಜೊತೆ ಒಂದು ಎಂಪಾಕೊ ಇಡುತ್ತಾರೆ. ಪ್ರೀತಿಗೂ ಮರ್ಯಾದೆಗೂ ಕರೆಯುವ ಹೆಸರು ಅದು. ಜನರೆಲ್ಲ ಹಂಚಿಕೊಳ್ಳಲು ಅಂಥವು ಇರುವುದೇ ಹತ್ತು ಹನ್ನೆರಡು. ಗಂಡ ಹೆಂಡತಿಯನ್ನು, ತಾಯಿ ಮಗನನ್ನು, ವ್ಯಾಪಾರಿ ಗಿರಾಕಿಯನ್ನು ಕರೆಯುವುದು ಅದರಿಂದಲೇ. ಗುರುತಿಲ್ಲದವರು ಎದುರಾದರೆ ಮೊದಲು ಕೇಳುವುದೂ ಅದನ್ನೇ. ಕಬಾಜುಂಗುವನ್ನು ಊರೆಲ್ಲ ಅಬ್ವೋಲಿ ಎನ್ನುತ್ತದೆ, ರುಸೋಕೆಯನ್ನು ಅರಾಲಿ ಎನ್ನುತ್ತದೆ. ಅದನ್ನು ಬಿಟ್ಟು ನಾಲ್ಕು ಜನರ ಮುಂದೆ ಬರಿಯ ಹೆಸರು ಹಿಡಿದು ಕೂಗಿದರೆ ಕಪಾಳಕ್ಕೆ ಬಾರಿಸಿದಂತೆಯೇ ಲೆಕ್ಕ.

“ಅರಾಲಿ,” ಎಂದರು ಮೂಲೆಯ ಕುರ್ಚಿಯಿಂದ ಅಮೂತಿ ಅಜ್ಜ. ಮನೆ ಅವರದು. ಎಪ್ಪತ್ನಾಲ್ಕು ವರ್ಷ. ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. “ಅವಳಿಗೊಂದು ಎಂಪಾಕೊ ಇದೆ. ನಿನಗೆ ನೆನಪಿಲ್ದಿದ್ರೆ ನಾನು ಹೇಳ್ತೀನಿ. ಕೂತ್ಕೋ.”

ರುಸೋಕೆ ಕೂತ. ಮೋಟಾರುಸೈಕಲ್ಲಿನ ಬಿಡಿಭಾಗ ಮಾರುವ ಅವನ ಕೈಗಳಿಗೆ ಭಾನುವಾರವೂ ಗ್ರೀಸಿನ ಕಪ್ಪು ಬಿಡುತ್ತಿರಲಿಲ್ಲ. ಆ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡ. ಯಾಕೆ ಕೂಗಾಡಿದೆ ಎನ್ನುವುದು ಅವನೊಬ್ಬನಿಗೇ ಗೊತ್ತಿತ್ತು. ಕೋಪ ಅವಳ ಮೇಲಿನದಾಗಿರಲಿಲ್ಲ.

ಅದನ್ನು ತಿಳಿಯಬೇಕಾದರೆ ಆ ಕೂಟದವರು ಓದುವ ಕ್ರಮ ತಿಳಿಯಬೇಕು. ಆರು ಜನಕ್ಕೆ ಆರು ಪ್ರತಿ ಎಲ್ಲಿಂದ ಬರಬೇಕು? ಒಂದು ಪುಸ್ತಕಕ್ಕೆ ಒಂದೇ ಪ್ರತಿ. ಅದನ್ನು ಅಮೂತಿ ಅಜ್ಜ ಬಾಳೆಕಾಯಿ ಸುಲಿಯುವ ಚೂರಿಯಿಂದ ಬೆನ್ನಿಗೆ ಕೊಯ್ದು ಆರು ಹೋಳು ಮಾಡುತ್ತಾರೆ. ಕಬಾಜುಂಗು ಒಂದೊಂದು ಹೋಳಿಗೂ ಹಿಟ್ಟಿನ ಚೀಲದ ಬಟ್ಟೆಯಿಂದ ಒಂದು ಅಂಗಿ ಹೊಲಿದು, ಬಾಯಿಗೆ ಕೆಂಪು ದಾರದ ಗಂಟು ಹಾಕುತ್ತಾಳೆ. ಓದುವವರು ಗಂಟು ಕತ್ತರಿಸಿ ಬಿಚ್ಚಬೇಕು. ಮೊದಲನೆಯ ಹೋಳು ಮೊದಲು ರುಸೋಕೆಗೆ. ವಾರ ಕಳೆದ ಮೇಲೆ ಅದು ಕಬಾಜುಂಗುವಿಗೆ, ಆಗ ರುಸೋಕೆಗೆ ಎರಡನೆಯದು. ಹೀಗೆ ಒಬ್ಬರ ಹಿಂದೆ ಒಬ್ಬರು. ಕಥೆಯಲ್ಲಿ ಒಬ್ಬ ಮದುವೆಯಾಗುತ್ತಿರುವಾಗಲೇ ಇನ್ನೊಬ್ಬರ ಕೈಯಲ್ಲಿ ಅವನ ಹೆಣ ಎತ್ತುತ್ತಿರುತ್ತದೆ. ಮುಂದೆ ಓದಿದವರು ಹಿಂದಿನವರಿಗೆ ಬಾಯಿ ಬಿಡುವಂತಿಲ್ಲ. ಒಂದು ಪುಸ್ತಕ ಆರು ಕೈ ದಾಟಲು ಹನ್ನೊಂದು ವಾರ ಬೇಕು. ಅದಕ್ಕೇ ವರ್ಷಕ್ಕೆ ನಾಲ್ಕೇ ಪುಸ್ತಕ. ಅದಕ್ಕೇ ಡಿಸೆಂಬರಿನ ಮೊದಲ ಭಾನುವಾರ ಆ ನಾಲ್ಕನ್ನು ಆರಿಸುವ ದಿನ ಇಷ್ಟು ಜಗಳ.

ಜನವರಿಯ ಕೊನೆಗೆ ಕೊಯ್ದ ಈ ವರ್ಷದ ಮೊದಲ ಪುಸ್ತಕ ಅದೇ, ಸರೋವರದ ದಂಡೆಯ ವಿಧವೆಯೊಬ್ಬಳ ಕಾದಂಬರಿ. ಗಂಡ ನೀರುಪಾಲಾಗಿದ್ದಾನೆ, ಮೈದುನರಿಗೆ ದೋಣಿ ಬೇಕು. ಐದನೆಯ ಹೋಳಿನ ಕೊನೆಯಲ್ಲಿ ಅವಳು ಬೆಳಗಿನ ಚಳಿಯಲ್ಲಿ ದೋಣಿಯೊಳಗೆ ಕೂತಿದ್ದಾಳೆ, ಕೊಳ್ಳುವವರು ದಂಡೆಗೆ ಇಳಿದು ಬರುತ್ತಿದ್ದಾರೆ. ಆರನೆಯ ಹೋಳು ರುಸೋಕೆಯ ಕೈಗೆ ಬಂದದ್ದು ಮಾರ್ಚಿನಲ್ಲಿ. ಆ ವಾರ ಅವನ ಸೋದರಮಾವ ತೀರಿಕೊಂಡ. ಮಣ್ಣು, ನೆಂಟರು, ಅಡುಗೆ, ಚಪ್ಪರ. ವಾರ ಕಳೆದದ್ದೇ ತಿಳಿಯಲಿಲ್ಲ. ಭಾನುವಾರ ಕೂಟಕ್ಕೆ ಬಂದಾಗ ಅಡ್ಯೇರಿ, “ಓದಿ ಮುಗ್ಸಿದ್ರಾ ಅರಾಲಿ? ಹೇಗಿದೆ ಕೊನೆ?” ಎಂದು ಕೇಳಿದಳು. ಕೂಟ ಕಟ್ಟಿದವನು, ಓದದೆ ಬಂದವರಿಗೆ ಮುಖ ಮೂತಿ ನೋಡದೆ ಬೈಯುವವನು, ಓದಿಲ್ಲ ಎನ್ನಲು ಅವನಿಗೆ ನಾಲಿಗೆ ಬರಲಿಲ್ಲ. “ಓದ್ದೆ. ಭಾರೀ ಕೊನೆ. ಓದಿ ನೋಡಿ, ಗೊತ್ತಾಗತ್ತೆ,” ಎಂದುಬಿಟ್ಟ.

“ಹಾಗಾದ್ರೆ ಹೋಳು ಕೊಡಿ,” ಎಂದಳು ಕಬಾಜುಂಗು. “ಸರದಿ ನಂದು.”

“ಸೋಮವಾರವೇ ನಿನ್ನ ಹೊಲಿಗೆ ಮೇಜಿನ ಮೇಲೆ ಇಟ್ಟು ಬಂದ್ನಲ್ಲ. ನೀನಿರ್ಲಿಲ್ಲ.”

“ಅದು ಹಿಂದಿನ ಸೋಮವಾರ. ಐದನೇದು.”

ಇಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ಎರಡು ಸೋಮವಾರಗಳು ಅವನ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಇಟ್ಟೇ ಬಂದೆ ಎಂದು ತಾಯಿಯ ಮೇಲೆ ಆಣೆ ಮಾಡಲೂ ಸಿದ್ಧನಿದ್ದ. ನಾನು ಸುಳ್ಳನಾ ಎಂದು ಅಬ್ಬರಿಸಿದ. ಉಳಿದವರೂ ಯೋಚಿಸಿದರು: ಓದಿ ಮುಗಿಸಿದೆ ಎನ್ನುತ್ತಾನೆ, ಮುಗಿಸಿದವನು ಅದನ್ನು ಇಟ್ಟುಕೊಂಡು ಏನು ಮಾಡುತ್ತಾನೆ? ಹೀಗೆ ಓದದ ಪುಸ್ತಕ ಓದಿದೆ ಎಂದ ಒಂದು ಮಾತು ಕಬಾಜುಂಗುವಿನ ಕುತ್ತಿಗೆಗೆ ಬಿತ್ತು. ಅವಳ ಅಂಗಡಿಯಲ್ಲಿ ಚಿಂದಿಯ ರಾಶಿಯನ್ನೆಲ್ಲ ಕೆದಕಿ ನೋಡಿದರು. ಸಿಗಲಿಲ್ಲ. ಇನ್ನು ಮುಂದೆ ಅವಳು ಯಾವ ಹೋಳನ್ನೂ ಮನೆಗೆ ಒಯ್ಯಬಾರದು, ತನ್ನ ಸರದಿಯದನ್ನು ಅಮೂತಿ ಅಜ್ಜನ ಜಗಲಿಯಲ್ಲೇ ಕೂತು ಓದಿ ಅಲ್ಲೇ ಇಟ್ಟು ಹೋಗಬೇಕು ಎಂದು ತೀರ್ಮಾನವಾಯಿತು. ತೀರ್ಮಾನ ಹೇಳಿದವನು ರುಸೋಕೆ.

ಅವಳು ಕೂಟ ಬಿಡುತ್ತಾಳೆ ಎಂದುಕೊಂಡರು. ಬಿಡಲಿಲ್ಲ. ಪ್ರತಿ ಭಾನುವಾರ ಚರ್ಚು ಮುಗಿದ ಮೇಲೆ ಬಂದು ಜಗಲಿಯ ಬೆಂಚಿನ ಮೇಲೆ ಕೂತು ಓದಿದಳು. ಆ ವಾರದ ಹೋಳನ್ನು ಓದಿ ಮುಗಿಸಿ ಎದ್ದುಹೋಗಿ, ಮತ್ತೆ ಮುಂದಿನ ಭಾನುವಾರ ಬರುವಳು. ಅವಳು ಸರಿಯಾದ ಹೊತ್ತಿಗೆ ಬರುತ್ತಾಳೆಯೇ, ಇಟ್ಟೇ ಹೋಗುತ್ತಾಳೆಯೇ ಎಂದು ಅಜ್ಜನ ಹೆಂಡತಿ ಕಿಟಕಿಯಿಂದ ಒಂದು ಕಣ್ಣು ಇಟ್ಟಿರುತ್ತಿದ್ದಳು. ಪೇಟೆಯಲ್ಲಿ ಮಾತು ಹಬ್ಬಿತು. “ಅಬ್ವೋಲಿ ಹತ್ರ ಬಟ್ಟೆ ಕೊಡ್ತೀರಾ? ಗುಂಡಿ ಎಣಿಸಿ ಕೊಡಿ ಮತ್ತೆ,” ಎಂದು ನಗುವವರು ಇದ್ದರು. ಅವರೂ ನಗುತ್ತಲೇ ಬಟ್ಟೆ ಕೊಡುತ್ತಿದ್ದರು, ಅವಳೂ ತಲೆ ಬಗ್ಗಿಸಿಯೇ ಹೊಲಿದುಕೊಡುತ್ತಿದ್ದಳು.

ಜುಲೈಯಲ್ಲಿ ಇನ್ನೊಂದು ಸಾವು. ರುಸೋಕೆಯ ಕರಿಯ ಕೋಟು ಪೆಟ್ಟಿಗೆಯಿಂದ ಹೊರಬರುವುದು ಸಾವಿಗೆ ಮಾತ್ರ. ಗುಂಡಿಯ ಪಕ್ಕ ನಿಂತು, ಪಾದ್ರಿ ಪ್ರಾರ್ಥನೆ ಹೇಳುತ್ತಿರುವಾಗ, ಕರವಸ್ತ್ರಕ್ಕೆಂದು ಒಳಜೇಬಿಗೆ ಕೈ ಹಾಕಿದ. ಬೆರಳಿಗೆ ಚೀಲದ ಒರಟು ಬಟ್ಟೆ ತಗುಲಿತು. ತೆಗೆದು ನೋಡುವುದೇ ಬೇಕಾಗಿರಲಿಲ್ಲ. ಕೆಂಪು ದಾರದ ಗಂಟು ಕೂಡ ಬೆರಳಿಗೆ ಸಿಕ್ಕಿತು, ಕಬಾಜುಂಗು ಹಾಕಿದ ಹಾಗೇ. ಅವನ ಮುಖ ಕಂಡು ಪಕ್ಕದವರು, ಸತ್ತವನು ಇವನಿಗೆ ಇಷ್ಟು ಹತ್ತಿರದವನೇ ಎಂದು ಸೊಂಟ ಹಿಡಿದು ನಿಲ್ಲಿಸಿದರು.

ಆ ಭಾನುವಾರವೇ ಹೇಳಿಬಿಡಬೇಕು ಎಂದು ಹೊರಟ. ಜಗಲಿಯಲ್ಲಿ ಅವಳು ಓದುತ್ತಿದ್ದಳು. “ನಮಸ್ಕಾರ ಅರಾಲಿ,” ಎಂದಳು. ಅವನು, “ನಮಸ್ಕಾರ ಅಬ್ವೋಲಿ,” ಎಂದು ಒಳಗೆ ಹೋದ. ಮುಂದಿನ ವಾರ ಹೇಳೋಣ ಎಂದುಕೊಂಡ. ಮುಂದಿನ ವಾರವೂ ಅದೇ. ವಾರ ಹೋದಂತೆ ಹೇಳಬೇಕಾದ ಮಾತು ಉದ್ದವಾಗುತ್ತ ಹೋಯಿತು. ಸಿಕ್ಕಿತು ಎಂದರೆ ಸಾಕಿತ್ತು ಮೊದಲು. ಈಗ ಸಿಕ್ಕಿ ಇಷ್ಟು ದಿನವಾಯಿತು ಎಂದೂ ಹೇಳಬೇಕು. ಸುಟ್ಟುಬಿಡೋಣ ಎಂದು ಒಲೆಯ ಮುಂದೆಯೂ ಒಮ್ಮೆ ಕೂತ. ಅದೊಂದು ಪಾಪ ಮಾತ್ರ ಅವನ ಕೈಯಲ್ಲಿ ಆಗಲಿಲ್ಲ. ಅಂಗಡಿಯಲ್ಲಿ ಬ್ರೇಕಿನ ಪಟ್ಟಿಗಳ ಡಬ್ಬದ ತಳದಲ್ಲಿ ಮುಚ್ಚಿಟ್ಟ. ಆಗಸ್ಟಿನಲ್ಲಿ ಒಂದು ದಿನ ಗಾಳಿಮಳೆ ಜಗಲಿಗೆ ಅಡ್ಡಡ್ಡ ಹೊಡೆಯುತ್ತಿತ್ತು. ಅವಳು ಗೋಡೆಗೆ ಮುಖ ಮಾಡಿ, ಹೊದಿಕೆಯೊಳಗೆ ಹೋಳನ್ನು ಅವಚಿಕೊಂಡು, ಬೆನ್ನು ತೋಯಿಸಿಕೊಂಡು ಓದುತ್ತಿದ್ದಳು. ಅವನು ಗೇಟಿನ ಹತ್ತಿರ ಗಾಡಿ ನಿಲ್ಲಿಸಿದವನು ಇಳಿಯದೆ ಹಾಗೇ ತಿರುಗಿಸಿಕೊಂಡು ಹೋದ. ಅವಳನ್ನು ಒಳಗೆ ಕರೆಯಿರಿ ಎಂದು ಒಂದು ಮಾತು ಅಜ್ಜನಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಈಗ ಆ ಪುಸ್ತಕ ಇಡಿಯಾಗಿ ಬಂದು ಅವನೆದುರು ಕೂತಿತ್ತು.

“ಕ್ರಮದಲ್ಲಿ ಹೋಗೋಣ,” ಎಂದರು ಅಮೂತಿ ಅಜ್ಜ. “ಪುಸ್ತಕದ ಹೆಸರು ಎತ್ತಿದವರು ಅದನ್ನ ಪೂರ್ತಿ ಓದಿರ್ಬೇಕು. ಅಬ್ವೋಲಿ, ಓದಿದ್ದೀಯ?”

“ಬಸ್ಸಲ್ಲಿ ಬರ್ತಾ ಕೊನೆ ಓದ್ದೆ.”

“ಒಳ್ಳೇದು. ಕೂಟದಲ್ಲಿ ಬೇರೆಯವರು ಓದಿದ್ರೆ ಅವ್ರೂ ನಾಲ್ಕು ಮಾತು ಹೇಳ್ಬೇಕು. ಓದಿದವನು ನೀನೊಬ್ನೇ, ಅರಾಲಿ.”

“ನಾನೇನು ಹೇಳೋದು? ಕೂಗಾಡಿದೆ, ತಪ್ಪಾಯ್ತು. ಬೇಕಾದ್ರೆ ಆರಿಸ್ಕೊಳ್ಳಿ.”

“ಹಾಗಲ್ಲ ಮಾರಾಯ್ರೆ,” ಎಂದಳು ಅಡ್ಯೇರಿ. “ಒಂಬತ್ತು ತಿಂಗ್ಳಿಂದ ಆ ಹೆಂಗಸು ನನ್ನ ತಲೇಲಿ ದೋಣಿ ಮೇಲೆ ಕೂತಿದ್ದಾಳೆ. ನನ್ನ ಹುಡುಗೀರ ಉತ್ತರಪತ್ರಿಕೆ ತಿದ್ದೋವಾಗ್ಲೂ ಅಲ್ಲೇ ಕೂತಿರ್ತಾಳೆ. ಒಂದೇ ಒಂದು ಹೇಳಿ. ದೋಣಿ ಮಾರ್ತಾಳಾ, ಇಲ್ವಾ?”

“ಮುಂದಿನದು ಬಾಯಿ ಬಿಡಬಾರ್ದು. ನಿಯಮ.”

“ಈ ನಿಯಮ ಹಳೇದು, ಒಪ್ಕೊಂಡೆ,” ಎಂದ ಕೀಜಾ. “ಆದ್ರೂ ಹೇಳಿ.”

ಅಜ್ಜ ಕೈಯೆತ್ತಿದರು. “ನಾನು ಬಿಟ್ಟುಕೊಟ್ಟೆ. ನನ್ನ ವಯಸ್ಸಿಗೆ ಹನ್ನೊಂದು ವಾರದ ಭರವಸೆ ಯಾರು ಕೊಡ್ತಾರೆ? ಆ ಹೆಣ್ಣುಮಗಳಿಗೆ ಏನಾಯ್ತು ಅಂತ ತಿಳಿದು ಸಾಯ್ತೀನಿ. ಹೇಳಪ್ಪ ಅರಾಲಿ.”

ಐದು ಮುಖಗಳು ಅವನ ಕಡೆ ತಿರುಗಿದವು. ರುಸೋಕೆ ಗಂಟಲು ಸರಿಮಾಡಿಕೊಂಡ. ಇಷ್ಟು ದಿನ ಡಬ್ಬದಲ್ಲಿಟ್ಟು ಕಾದವನು ಒಂದು ಸಲ ಬಿಚ್ಚಿ ಓದಬಾರದಿತ್ತೇ ಎಂದು ತನ್ನನ್ನೇ ಶಪಿಸಿಕೊಂಡ. ಆ ಗಂಟಿಗೆ ಕತ್ತರಿ ತಾಗಿಸಲು ಅವನಿಗೆ ಯಾವತ್ತೂ ಧೈರ್ಯ ಬಂದಿರಲಿಲ್ಲ.

“ಮಾರ್ತಾಳೆ,” ಎಂದ. “ಇನ್ನೇನು ಮಾಡ್ತಾಳೆ? ಮಾರಿ, ಅಣ್ಣನ ಮನೆಗೆ ಹೊರಟುಹೋಗ್ತಾಳೆ. ಅಲ್ಲಿಗೆ ಮುಗೀತದೆ.”

ಅಡ್ಯೇರಿ ಕುರ್ಚಿಗೆ ಒರಗಿದಳು. “ಇಷ್ಟೇನಾ?”

“ಮಾರಿಬಿಟ್ಲಾ,” ಎಂದರು ಅಜ್ಜ ಮೆಲ್ಲಗೆ. ಸ್ವಂತ ಮಗಳ ಸುದ್ದಿ ಕೇಳಿದವರಂತೆ ಕನ್ನಡಕ ತೆಗೆದು ಒರೆಸಿದರು. “ಮಾರಲ್ಲ ಅಂದ್ಕೊಂಡಿದ್ದೆ ನಾನು.”

ರುಸೋಕೆಯ ಕಣ್ಣು ತಾನಾಗಿಯೇ ಬಾಗಿಲ ಕಡೆ ಹೋಯಿತು. ಕಬಾಜುಂಗು ಅವನನ್ನೇ ನೋಡುತ್ತಿದ್ದಳು. ಅವಳ ಹುಬ್ಬು ಒಂದಿಷ್ಟು ಮೇಲೇರಿತು. ಮಡಿಲಲ್ಲಿದ್ದ ಪುಸ್ತಕವನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಅವಳಿಗೆ ತಿಳಿಯಿತು. ಈಗ ಬಾಯಿ ತೆರೆಯುತ್ತಾಳೆ, ಮುಗಿಯಿತು ಎಂದುಕೊಂಡ. ಅವಳು ಕಣ್ಣು ಕೆಳಗೆ ಹಾಕಿದಳು. ನಾಚಿಕೆಯಾದದ್ದು ಅವಳಿಗೆ ಎಂಬಂತೆ.

“ಹೌದಾ ಅಬ್ವೋಲಿ?” ಎಂದು ಕೀಜಾನ ಹೆಂಡತಿ ಕೇಳಿದಳು.

“ಮೊದ್ಲು ಓದಿದವ್ರು ಅವ್ರು,” ಎಂದಳು ಕಬಾಜುಂಗು. “ಅವ್ರು ಹೇಳಿದ ಹಾಗೇ ಇರ್ಲಿ. ನೀವು ಓದೋವಾಗ ನೋಡ್ಕೊಳ್ಳಿ.”

ನೆಲದ ಮೇಲಿನ ಬೀಜಗಳನ್ನು ಹೆಕ್ಕಿದರು. ಪುಸ್ತಕಗಳ ಮುಂದೆ ಸೋರೆಬುರುಡೆಗಳನ್ನು ಇಟ್ಟರು. ಒಬ್ಬೊಬ್ಬರಿಗೆ ನಾಲ್ಕು ಬೀಜ, ಬೇಕಾದ ಪುಸ್ತಕದ ಬುರುಡೆಗೆ ಹಾಕಬೇಕು. ಮೊದಲ ಸುತ್ತಿಗೆ ಮೂರು ಪುಸ್ತಕ ಇಟ್ಟಿದ್ದರು. ಕೀಜಾ ಪ್ರತಿವರ್ಷ ತರುವ ಜೇನುಸಾಕಣೆಯ ಪುಸ್ತಕಕ್ಕೆ ಪ್ರತಿವರ್ಷದಂತೆ ಒಂದೇ ಬೀಜ ಬಿತ್ತು. “ಹೆಂಡ್ತಿ ಕೂಡ ಹಾಕಲ್ಲ ನೋಡಿ,” ಎಂದು ಅವನು ಗೋಳಾಡಿದ. “ಮನೇಲಿ ಜೇನಿನ ಮಾತು ಕೇಳಿ ಕೇಳಿ ಸಾಕಾಗಿದೆ, ಇಲ್ಲೂ ಯಾಕೆ?” ಎಂದಳು ಅವಳು. ವಿಧವೆಯ ಪುಸ್ತಕದ ಬುರುಡೆ ಗಲಗಲ ಎಂದಿತು. ಮುಂದಿನ ವರ್ಷದ ಮೊದಲ ಪುಸ್ತಕ ಅದೇ ಎಂದಾಯಿತು.

ನಡುವೆ ತಿನ್ನಲು ಎದ್ದರು. ಮಿಡತೆಯ ಕಾಲ. ಅಜ್ಜನ ಹೆಂಡತಿ ದೊಡ್ಡ ತಟ್ಟೆ ತುಂಬ ಈರುಳ್ಳಿ ಹಾಕಿ ಹುರಿದ ಮಿಡತೆ, ಲೋಟಗಳಲ್ಲಿ ರಾಗಿ ಗಂಜಿ ತಂದಿಟ್ಟಳು. ರುಸೋಕೆ ಏನೂ ಮುಟ್ಟದೆ ಹಿತ್ತಲಿಗೆ ಹೋಗಿ ಬಾಳೆಗಿಡಗಳ ನಡುವೆ ನಿಂತ. ಹಿಂದೆಯೇ ಕಬಾಜುಂಗು ಬಂದಳು, ಕೈ ತೊಳೆಯುವ ನೆಪದಲ್ಲಿ.

“ಅವ್ಳು ಮಾರಲ್ಲ,” ಎಂದಳು.

ಅವನು ಬಾಳೆಯ ಒಣಗಿದ ಎಲೆಯೊಂದನ್ನು ಕಿತ್ತ.

“ಏನು ಮಾಡ್ತಾಳೆ ಅಂತ ನಾನು ಹೇಳಲ್ಲ. ನೀವೇ ಓದಿ. ಓದಿಲ್ಲ ತಾನೆ?”

“ಅಲ್ಲಿ ಎಲ್ರ ಮುಂದೆ ಯಾಕೆ ಹೇಳ್ಲಿಲ್ಲ ನೀನು?”

ಅವಳು ಕೊಡದಿಂದ ನೀರು ಬಗ್ಗಿಸಿ ಬೆರಳುಗಳನ್ನು ಒಂದೊಂದಾಗಿ ತೊಳೆದಳು. “ಎಲ್ರ ಮುಂದೆ ಮುಖ ಕೆಳಗೆ ಹಾಕ್ಕೊಂಡು ಕೂರೋದು ಹೇಗಿರತ್ತೆ ಅಂತ ನಂಗೊತ್ತು ಅರಾಲಿ. ಇನ್ನೊಬ್ರಿಗೆ ಯಾಕೆ? ಸಾವಿನ ಮನೆ, ಓದೋಕಾಗ್ಲಿಲ್ಲ, ಓದ್ದೆ ಅಂದ್ರಿ. ಅಷ್ಟೇ ತಾನೆ. ನಾನೂ ಶಾಲೇಲಿ ಹಾಗೆ ಅಂದಿದ್ದೀನಿ.”

ಅವಳಿಗೆ ಗೊತ್ತಾದದ್ದು ಅರ್ಧ ಮಾತ್ರ. ಆ ಅರ್ಧಕ್ಕೇ ಅವಳು ಕ್ಷಮಿಸಿ ಬಿಟ್ಟಿದ್ದಳು. ಹೋಳು ಎಲ್ಲಿದೆ ಎಂಬ ಅನುಮಾನ ಅವಳ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಅವಳು ಒಳಗೆ ಹೋದ ಮೇಲೆ ರುಸೋಕೆ ಬೇಲಿಯ ಸಂದಿಯಿಂದ ನುಗ್ಗಿ ಇಳಿಜಾರಿನ ದಾರಿ ಹಿಡಿದ. ಅಂಗಡಿ ದೂರವಿರಲಿಲ್ಲ. ಬೀಗ ತೆಗೆಯುವ ಅವಸರದಲ್ಲಿ ಕೀಲಿ ಎರಡು ಸಲ ಬಿತ್ತು. ಪಕ್ಕದ ಅಂಗಡಿಯವನು, “ಭಾನುವಾರವೂ ವ್ಯಾಪಾರಾನಾ ಅರಾಲಿ?” ಎಂದ. ರುಸೋಕೆ ಆಗಲೇ ಬ್ರೇಕಿನ ಪಟ್ಟಿಗಳ ಡಬ್ಬ ಎಳೆಯುತ್ತಿದ್ದ.

ಅವನು ಮರಳಿದಾಗ ಅಡ್ಯೇರಿ ಎರಡನೆಯ ಸುತ್ತಿಗೆ ಬುರುಡೆಗಳನ್ನು ಸಾಲು ಮಾಡುತ್ತಿದ್ದಳು. ರುಸೋಕೆ ನಿಂತೇ, ಹೋಳನ್ನು ಮೇಜಿನ ನಡುವೆ ಇಟ್ಟ. ಚೀಲದ ಬಟ್ಟೆಯ ಮೇಲೆ ಬ್ರೇಕಿನ ಪುಡಿ ಕಪ್ಪಾಗಿ ಹತ್ತಿತ್ತು.

“ಇದು ನನ್ನ ಹತ್ರ ಇತ್ತು,” ಎಂದ. “ಕೋಟಿನ ಜೇಬಲ್ಲಿ. ಅಬ್ವೋಲಿಗೆ ನಾನು ಕೊಟ್ಟೇ ಇರ್ಲಿಲ್ಲ.”

ಕೀಜಾ ಅದನ್ನು ಎತ್ತಿ ತಿರುಗಿಸಿ ನೋಡಿದ. “ಗಂಟು ಕೂಡ ಬಿಚ್ಚಿಲ್ಲ.”

“ಓದಿಯೂ ಇಲ್ಲ. ಈಗ ಹೇಳಿದ ಕೊನೆ ಸುಳ್ಳು. ಮಾರ್ಚಲ್ಲಿ ಹೇಳಿದ್ದೂ ಸುಳ್ಳು.”

ಬೈಯುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ ಎಂದು ಅವನು ಕಾದ. ಅದು ಬೇಕೂ ಆಗಿತ್ತು. ಅಷ್ಟರಲ್ಲಿ ಅಮೂತಿ ಅಜ್ಜನ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡರೆ ಮುದುಕರು ನಗುತ್ತಿದ್ದರು.

“ಹಾಗಾದ್ರೆ ಮಾರಲ್ಲ ಅವ್ಳು,” ಎಂದರು. “ನಾನು ಹೇಳ್ಲಿಲ್ವಾ?”

ಅವರು ನಕ್ಕದ್ದೇ ತಡ, ಎಲ್ಲರ ಎದೆ ಹಗುರವಾಯಿತು. “ಸಾವಿನ ಕೋಟು,” ಎಂದು ಕೀಜಾ ತೊಡೆ ತಟ್ಟಿದ. “ಇನ್ನು ಯಾರೂ ಸಾಯದೇ ಇದ್ದಿದ್ರೆ ಏನು ಗತಿ? ನಮಗೆ ಕೊನೆ ತಿಳೀಲಿ ಅಂತ ಯಾರನ್ನಾದ್ರೂ ಸಾಯ್ಸಬೇಕಾಗಿತ್ತು.” “ಯಾರಿಗೆ ಮರೆಯಲ್ಲ ಹೇಳಿ, ನಾನು ಒಂದ್ಸಲ ಕನ್ನಡಕಾನ ಹಿಟ್ಟಿನ ಡಬ್ಬದಲ್ಲಿಟ್ಟು ವಾರ ಹುಡುಕಿದ್ದೆ,” ಎಂದಳು ಅವನ ಹೆಂಡತಿ. ಅಡ್ಯೇರಿ ಕೂಡ, “ತಂದು ಕೊಟ್ರಲ್ಲ, ದೊಡ್ಡ ಮಾತು ಬಿಡಿ,” ಎಂದಳು. ರುಸೋಕೆಗೆ ಕುರ್ಚಿ ಎಳೆದುಕೊಟ್ಟರು. ಗಂಜಿಯ ಲೋಟ ಕೈಗಿಟ್ಟರು. “ಅಬ್ವೋಲಿ, ಇನ್ನು ಜಗಲಿ ಇಲ್ಲ ಬಿಡಮ್ಮ, ಹೋಳು ಮನೆಗೇ ತಗೊಂಡು ಹೋಗು,” ಎಂದರು ಅಜ್ಜ, ಬಹುಮಾನ ಕೊಟ್ಟವರ ಹಾಗೆ. ಒಬ್ಬರೂ ಅವಳ ಮುಖ ನೋಡಿ ಹೇಳಲಿಲ್ಲ. ನೋಡಲು ಅವರಿಗೂ ಆಗುತ್ತಿರಲಿಲ್ಲ. ಅದಕ್ಕೇ ನಗು ಬೇಕಾಗಿತ್ತು.

ರುಸೋಕೆ ನೋಡಿದ. ಅವಳು ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಒಬ್ಬರಾದ ಮೇಲೆ ಒಬ್ಬರನ್ನು ನೋಡುತ್ತಿದ್ದಳು, ತಪ್ಪು ಅಳತೆಗೆ ಹೊಲಿದ ಬಟ್ಟೆಯನ್ನು ಹಿಡಿದು ನೋಡುವ ಹಾಗೆ. ಹೋಳು ಕಳೆದ ದಿನ ಇದೇ ಕೋಣೆಯಲ್ಲಿ ಇದೇ ಜನ ಯಾರಿಗೆ ಮರೆಯಲ್ಲ ಎಂದು ಅವಳಿಗೆ ಹೇಳಿರಲಿಲ್ಲ.

“ಯಾವಾಗ ಸಿಕ್ತು?” ಎಂದು ಅವಳು ಕೇಳಿದಳು.

ನಗು ನಿಂತಿತು. ಇವತ್ತು ಎಂದರೆ ನಂಬುತ್ತಿದ್ದರು. ಹೋದ ವಾರ ಎಂದರೂ ನಂಬುತ್ತಿದ್ದರು. ಎಲ್ಲರ ಮುಖದಲ್ಲೂ ಇವತ್ತು ಎನ್ನಪ್ಪ ಎಂಬ ಬೇಡಿಕೆ ಇತ್ತು. ಅಷ್ಟು ಅಂದುಬಿಟ್ಟರೆ ಕೂಟ ಉಳಿಯುತ್ತದೆ, ಸ್ನೇಹ ಉಳಿಯುತ್ತದೆ, ಬಹುಶಃ ಅವಳೂ ಉಳಿಯುತ್ತಾಳೆ. ಅವನ ನಾಲಿಗೆಯ ತುದಿಗೆ ಆ ಮಾತು ಬಂದೂ ಇತ್ತು. ಮಾರ್ಚಿನಲ್ಲಿ ಆಡಿದ ಒಂದು ಮಾತಿನ ರುಚಿ ಇನ್ನೂ ಅಲ್ಲೇ ಇತ್ತು.

“ಜುಲೈಯಲ್ಲಿ,” ಎಂದ.

ಕೀಜಾ ಲೋಟ ಕೆಳಗಿಟ್ಟ.

“ಜುಲೈ,” ಎಂದಳು ಕಬಾಜುಂಗು. “ಆಗಸ್ಟಲ್ಲಿ ಗಾಳಿಮಳೆ ಬಂದಿತ್ತು. ಗೇಟಿನ ಹತ್ರ ಗಾಡಿ ನಿಂತಿದ್ದು ಕೇಳಿಸ್ತು. ಯಾರೋ ದಾರಿ ತಪ್ಪಿದವ್ರು ಅಂದ್ಕೊಂಡೆ.”

“ನಾನೇ.”

“ಸದ್ದು ನಿಮ್ಮ ಗಾಡಿ ಹಾಗೇ ಇತ್ತು. ನೀವಾಗಿದ್ರೆ ಒಳಗೆ ಬರ್ತಿದ್ರಿ ಅಂತ ಅಂದ್ಕೊಂಡೆ.”

“ಅಬ್ವೋಲಿ, ನಾನು ಪ್ರತಿ ವಾರ ಹೇಳ್ಬೇಕು ಅಂತ...”

ಅವಳು ಕೈ ಅಡ್ಡ ಹಿಡಿದಳು. ಎದ್ದು ಹೊದಿಕೆ ಸರಿಮಾಡಿಕೊಂಡು ಅವನ ಹತ್ತಿರ ಬಂದು ನಿಂತಳು. ಹೊಸಬರನ್ನು ದಾರಿಯಲ್ಲಿ ಕಂಡಾಗ ನಿಲ್ಲುವಷ್ಟೇ ದೂರದಲ್ಲಿ. ಮರ್ಯಾದೆಗೆ ಎಷ್ಟು ಬೇಕೋ ಅಷ್ಟು ತಲೆ ಬಗ್ಗಿಸಿ ಕೇಳಿದಳು:

“ನಿಮ್ಮ ಎಂಪಾಕೊ ಏನು?”

ಅಜ್ಜನ ಹೆಂಡತಿ ಒಳಬಾಗಿಲಲ್ಲಿ ನಿಂತವಳು ಹೊದಿಕೆಯ ಅಂಚು ಬಾಯಿಗೆ ಇಟ್ಟುಕೊಂಡಳು. ಹನ್ನೆರಡು ವರ್ಷದಿಂದ ದಿನ ಬೆಳಗಾದರೆ ಕಬಾಜುಂಗು ಅವನನ್ನು ಕರೆಯುತ್ತಿದ್ದ ಹೆಸರು ಅದು. ಅವಳು ಕಾದಳು. ಕೇಳಿದ ಮೇಲೆ ಹೇಳಲೇಬೇಕು, ಶತ್ರು ಕೇಳಿದರೂ ಹೇಳಬೇಕು.

“ಅರಾಲಿ,” ಎಂದ.

“ಆಯ್ತು ಅರಾಲಿ. ಹೋಗ್ತೀನಿ.”

ತನ್ನ ಪುಸ್ತಕವನ್ನು ಮೇಜಿನಿಂದ ತೆಗೆದುಕೊಂಡಳು. ಬಾಗಿಲು ದಾಟಿ, ಜಗಲಿ ಇಳಿದು, ಗೇಟು ತೆಗೆದಳು. ಅಡ್ಯೇರಿ ಚಪ್ಪಲಿ ಹಾಕದೆ ಹಿಂದೆ ಓಡಿದಳು. ದಾರಿಯ ಕೊನೆಯವರೆಗೂ ಅವಳ ದನಿ ಕೇಳುತ್ತಿತ್ತು. ಇನ್ನೊಂದು ದನಿ ಕೇಳಲಿಲ್ಲ. ಆಮೇಲೆ ಒಬ್ಬಳೇ ಬಂದು ತನ್ನ ಜಾಗದಲ್ಲಿ ಕೂತು, ಕಾಲಿನ ಕೆಂಪು ಮಣ್ಣನ್ನು ಬೆರಳಿನಿಂದ ಕೆರೆದಳು.

“ಒಬ್ರಾದ್ರೂ ಬಂದು ನಿಜವಾಗ್ಲೂ ಏನಾಯ್ತು ಅಂತ ನನ್ನ ಕೇಳಿದ್ರಾ, ಅಂದ್ಲು,” ಎಂದಳು. “ಜಗಲೀಲಿ ಕೂತಾಗ. ಒಬ್ರಾದ್ರೂ.”

ಬಹಳ ಹೊತ್ತಾಯಿತು. ಮಿಡತೆಯ ತಟ್ಟೆ ಆರಿಹೋಯಿತು. ರುಸೋಕೆ ಎದ್ದು ಹೋಗಬೇಕೆಂದುಕೊಂಡ. ಹೋದರೆ ಅವಳ ಹಿಂದೆಯೇ ಆ ದಾರಿಯಲ್ಲಿ ನಡೆಯಬೇಕು. ಕೂತೇ ಇದ್ದ. ಕೊನೆಗೆ ಅಮೂತಿ ಅಜ್ಜ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದರು.

“ಇನ್ನೂ ಆರಿಸೋದಿದೆ,” ಎಂದರು. “ಮುಂದಿನದು ಯಾರದು?”

ಮುಂದಿನದು ರುಸೋಕೆಯದು. ದೂರದ ಊರುಗಳಿಗೆ ಲಾರಿ ಹೊಡೆಯುವವನೊಬ್ಬನ ಕಾದಂಬರಿ, ಎರಡು ಸಲ ಓದಿ ತಂದಿದ್ದ. ಎತ್ತಿದವರು ಎದ್ದು ನಿಂತು ಮೊದಲ ಪುಟ ಓದಬೇಕು. ಯಾರೂ ಓದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವನು ಎದ್ದು ನಿಂತು ಪುಸ್ತಕ ತೆರೆದು ಓದತೊಡಗಿದ. ಗಡಿಯ ಊರು, ಬೆಳಗಿನ ಜಾವ, ಇಂಜಿನ್ನು ಬೆಚ್ಚಗಾಗಲೆಂದು ಕಾಯುತ್ತಿರುವ ಲಾರಿಯವನು. ಅಕ್ಷರಗಳು ಕಣ್ಣಿಗೆ ಕಾಣುತ್ತಿದ್ದವು, ಬಾಯಿಯಿಂದ ಬರುತ್ತಿದ್ದವು. ಯಾರೂ ತಲೆ ಎತ್ತಲಿಲ್ಲ. ಗೇಟಿನ ಕಡೆ ಸಣ್ಣ ಸದ್ದಾದಾಗಲೆಲ್ಲ ಅವನ ದನಿ ತಡವರಿಸುತ್ತಿತ್ತು. ಗಾಳಿ ಅಷ್ಟೇ. ಪುಟ ಮುಗಿಯುವವರೆಗೂ ಓದಿದ.

ಕಬಾಜುಂಗು ಅಂದು ತಿರುಗಿ ಬರಲಿಲ್ಲ. ಜನವರಿಯ ಮೊದಲ ಭಾನುವಾರವೂ ಬರಲಿಲ್ಲ, ಆಮೇಲೆ ಯಾವತ್ತೂ ಬರಲಿಲ್ಲ.